ಗಾಲಿಗೆ ಕೊಟ್ಟ ಕಲ್ಲು

ಹೋದ ತಿಂಗಳು ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರು. ಊರಿನಲ್ಲಿ ಗಾಡಿಗಳು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಹೊಸ ನಿಯಮ ಬರೆಯುವ ಕೆಲಸ ಅವಳ ಪಾಲಿಗೆ ಬಂದಿದೆಯಂತೆ. ಹೊಗೆ ಕಡಿಮೆಯಾಗಬೇಕು, ಡಾಂಬರಿನ ಕಾವು ಕಡಿಮೆಯಾಗಬೇಕು, ನಿಂತ ಗಾಡಿಯ ಇಂಜಿನ್ ಆರಿರಬೇಕು, ನಿಲ್ಲುವ ಜಾಗದಲ್ಲಿ ನೆರಳಿನ ಗಿಡ ಇರಬೇಕು, ಬಜಾರಿನೊಳಗೆ ಗಾಡಿ ನುಗ್ಗುವುದೇ ಕಡಿಮೆಯಾಗಬೇಕು. ಹವಾಮಾನ ಕೆಡುತ್ತಿದೆ, ಅದಕ್ಕೇ ಊರೂರಲ್ಲಿ ಇಂಥ ನಿಯಮ ಬರುತ್ತಿವೆ ಎಂದು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಆಮೇಲೆ ಕೇಳಿದಳು, "ಅಜ್ಜಾರ, ನೀವೂ ಇದ ಕೆಲಸದಾಗ ಇದ್ರಂತಲ್ಲ. ನಿಮ್ಮ ಕಾಲಕ್ಕ ಇವೆಲ್ಲ ಇದ್ವೇನ್ರಿ?"

ಇದ್ದವು. ಹೆಸರು ಬೇರೆ ಇತ್ತು, ಅಷ್ಟೆ. ಹವಾಮಾನ ಎಂದರೆ ನಮಗೆ ರೇಡಿಯೋದಲ್ಲಿ ವಾರ್ತೆಯ ಕೊನೆಗೆ ಬರುತ್ತಿದ್ದ ನಾಲ್ಕು ಸಾಲು. ಆದರೆ ಹೊಗೆ ಗೊತ್ತಿತ್ತು, ಬಿಸಿಲು ಬಲು ಚೆನ್ನಾಗಿ ಗೊತ್ತಿತ್ತು. ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರು ಊರುಗಳ ರಸ್ತೆಗಳಲ್ಲಿ ಎಂಬತ್ತು, ತೊಂಬತ್ತರ ದಶಕಗಳನ್ನು ನಿಂತೇ ಕಳೆದವನು ನಾನು. ಹೆಸರು ಅಂಬಣ್ಣ, ಹುದ್ದೆ ಜಮಾದಾರ. ಕಸ ಗುಡಿಸುವವರಿಗೆ ಕೆಲಸ ಹಂಚುವುದು, ಅವರು ಮಾಡಿದ್ದನ್ನು ನೋಡುವುದು ನನ್ನ ಮೂಲ ಕೆಲಸ. ರಸ್ತೆಯ ಮೇಲೆ ಇರುವುದೆಲ್ಲ ಜಮಾದಾರನ ಪಾಲು ಎಂದು ನಿಂತ ಗಾಡಿಗಳನ್ನೂ ನನ್ನ ತಲೆಗೇ ಕಟ್ಟಿದರು. ಯಾವ ಕಚೇರಿ, ಯಾವ ಸಾಹೇಬರು ಎಂದು ಹೆಸರು ಹಿಡಿದು ಬರೆಯುವುದಿಲ್ಲ. ಈ ಕೆಲಸಕ್ಕೆ ಬರುವ ಮಕ್ಕಳಿಗೆ ಬೇಕಾದದ್ದು ಕೆಲಸದ ಕಥೆ.

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಾಹೇಬರ ಜೀಪಿನ ಸಪ್ಪಳ ಕೇಳಿದರೆ ಸೈಕಲ್ಲಿನಿಂದ ಇಳಿದು ನಿಂತುಬಿಡುತ್ತಿದ್ದೆ. ಡ್ರೈವರುಗಳು ದನಿ ಏರಿಸಿದರೆ ಕೈ ನಡುಗುತ್ತಿತ್ತು, ಅದನ್ನು ಮುಚ್ಚಲು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ನೋಡಿದವರು ಜಮಾದಾರನಿಗೆ ಎಷ್ಟು ಗತ್ತು ಅಂದುಕೊಳ್ಳುತ್ತಿದ್ದರು. ನಮ್ಮ ಮನೆತನದಲ್ಲಿ ತಿಂಗಳ ಪಗಾರ ಕಂಡ ಮೊದಲನೆಯವನು ನಾನು. ಈ ನೌಕರಿ ಹೋದರೆ ಎಂಬ ಅಂಜಿಕೆಯನ್ನು ದಿನಾ ಬುತ್ತಿಯ ಜೊತೆಗೇ ಕಟ್ಟಿಕೊಂಡು ಹೋಗುತ್ತಿದ್ದೆ.

ಮೊದಲ ಎಡವಟ್ಟು ಲಿಂಗಸುಗೂರಿನದು. ಟೆಂಪೋಗಳು ಬಿಸಿಲಿಗೆ ಹೆದರಿ ಅಂಗಡಿಗಳ ನೆರಳಿನಲ್ಲಿ, ಅಂದರೆ ರಸ್ತೆಯೊಳಗೇ ನಿಲ್ಲುತ್ತಿದ್ದವು. ಅವುಗಳನ್ನು ಬೇವಿನ ಗಿಡಗಳ ಕೆಳಗೆ ಕಳಿಸು ಎಂದು ಹುಕುಂ ಆಯಿತು. ನಾನು ಬೆಳಿಗ್ಗೆ ಎಂಟಕ್ಕೆ ಹೋಗಿ, ನೆರಳು ಎಲ್ಲಿದೆಯೋ ಅಲ್ಲಿ ಸುಣ್ಣದ ಪುಡಿಯಿಂದ ನೆಟ್ಟಗೆ ಗೆರೆ ಹಾಕಿಸಿದೆ. ಮಧ್ಯಾಹ್ನ ಎರಡಕ್ಕೆ ನೆರಳು ಗಿಡದ ಆ ಕಡೆ ಹೋಗಿತ್ತು. ನನ್ನ ಗೆರೆಯೊಳಗೆ ನಿಂತ ಟೆಂಪೋಗಳು ಕಾದ ಹಂಚಾಗಿದ್ದವು. ಒಳಗೆ ಕುಳಿತ ಒಬ್ಬ ಬಸುರಿ ಹೆಣ್ಣುಮಗಳಿಗೆ ಕಣ್ಣು ಕತ್ತಲೆ ಬಂದು, ಎಲ್ಲರೂ ನನ್ನನ್ನು ಹುಡುಕಿಕೊಂಡು ಬಂದರು. ನಾನು ಬಟ್ಟೆ ಅಂಗಡಿಯ ಹಿಂದೆ ಅಡಗಿ ನಿಂತಿದ್ದೆ. ನೆರಳನ್ನು ದಿನಕ್ಕೆ ಮೂರು ಸಲ ನೋಡಿ ಆಮೇಲೆ ಗೆರೆ ಹಾಕಬೇಕು ಎಂದು ಕಲಿತದ್ದು ಆವತ್ತು. ನೀವೂ ಈಗ ಕಾಗದದ ಮೇಲೆ ಗಿಡ ಬರೆಯುತ್ತೀರಿ. ಬರೆಯುವ ಮೊದಲು ಒಮ್ಮೆ ಮಧ್ಯಾಹ್ನ ಅಲ್ಲಿ ನಿಂತು ನೋಡಿ.

ಮಸ್ಕಿಯಲ್ಲಿ ಇನ್ನೊಂದು ಕಲಿತೆ. ಅಲ್ಲಿ ಲಾರಿಯವರು ಸುಟ್ಟ ಆಯಿಲನ್ನು ಗಿಡದ ಬುಡಕ್ಕೇ ಸುರಿಯುತ್ತಿದ್ದರು. ನೆರಳು ಬೇಕು ಎಂದು ಲಾರಿಯನ್ನು ಗಿಡದ ಕೆಳಗೆ ತರುವವರೂ ಅವರೇ, ಗಿಡ ಒಣಗಿಸುವವರೂ ಅವರೇ. ಒಬ್ಬನನ್ನು ತಡೆದೆ. ಅವನು ಜಾಕಿನ ರಾಡು ಹಿಡಿದು ಹತ್ತಿರ ಬಂದು, ಬಹಳ ಮೆಲ್ಲಗೆ, "ಗಿಡ ನಿಮ್ಮಪ್ಪ ಹಚ್ಯಾನೇನಲೇ?" ಅಂದ. ಬೈದಿದ್ದರೆ ಇಷ್ಟು ಅಂಜುತ್ತಿರಲಿಲ್ಲ. "ಇಲ್ರಿ" ಎಂದು ಹೇಳಿ ಬಂದುಬಿಟ್ಟೆ. ಆ ಗಿಡ ಎರಡೇ ವರ್ಷದಲ್ಲಿ ಸತ್ತುಹೋಯಿತು. ಮಸ್ಕಿಗೆ ಹೋದಾಗಲೆಲ್ಲ ಆ ಜಾಗ ನೋಡಿ ಮುಖ ತಿರುಗಿಸುತ್ತೇನೆ.

ಆದರೆ ನಾನು ಹೇಳಬೇಕೆಂದು ಕುಳಿತದ್ದು ಸಿಂಧನೂರಿನದು. ತೊಂಬತ್ತರ ದಶಕದ ಮೊದಲರ್ಧ. ಭತ್ತದ ಸುಗ್ಗಿ ಎಂದರೆ ಬಳಗಾನೂರು, ದಢೇಸುಗೂರು, ವಳಕಮದಿನ್ನಿ ಎಲ್ಲ ಕಡೆಯ ಟ್ರ್ಯಾಕ್ಟರು ಒಮ್ಮೆಲೇ ಊರೊಳಗೆ ಬರುತ್ತಿದ್ದವು. ಮಿಲ್ಲುಗಳ ಮುಂದೆ ಪಾಳಿ, ಅಂದರೆ ಸರದಿಯ ಸಾಲು. ಆ ಪಾಳಿ ಬೆಳೆದು ದವಾಖಾನೆಯ ಗೋಡೆಯವರೆಗೆ ಬರುತ್ತಿತ್ತು. ನಿಂತ ಟ್ರ್ಯಾಕ್ಟರುಗಳ ಇಂಜಿನ್ ಬೆಳಗಿನಿಂದ ಸಂಜೆವರೆಗೆ ಆರುತ್ತಲೇ ಇರಲಿಲ್ಲ. ಕರಿ ಹೊಗೆ ನೇರ ಬಾಣಂತಿಯರ ವಾರ್ಡಿನ ಕಿಟಕಿಗೆ. ಅಲ್ಲಿಯ ಸಿಸ್ಟರು ಒಂದು ದಿನ ಬಿಳಿ ಬಟ್ಟೆಯ ತುಂಡೊಂದನ್ನು ತಂದು ನನ್ನ ಮುಂದೆ ಹಿಡಿದರು. ಕೂಸಿನ ತೊಟ್ಟಿಲಿಗೆ ಹೊದಿಸಿದ್ದು, ಮಸಿ ಹಿಡಿದಿತ್ತು.

"ಜಮಾದಾರ್ರ, ಮೂರು ದಿನದ ಕೂಸು ಕೆಮ್ಮಾಕತ್ತಾವ. ಕಿಟಕಿ ಮುಚ್ಚಿದ್ರ ಶೆಕಿಗೆ ಬಾಣಂತೇರು ಬೇಯ್ತಾರ. ನಾ ಯಾರಿಗೆ ಹೇಳ್ಲಿ, ಹೇಳ್ರಿ ನೀವ."

ಆ ಬಟ್ಟೆಯನ್ನೇ ಒಯ್ದು ಸಾಹೇಬರ ಮೇಜಿನ ಮೇಲೆ ಇಟ್ಟೆ. ಸಾಹೇಬರು ಕೆಟ್ಟವರಲ್ಲ, ಸಿಟ್ಟಿನವರು. ಮೈಯೆಲ್ಲ ಕೆಲಸ, ಬಾಯೆಲ್ಲ ಬೈಗುಳ. ಅವತ್ತೇ ನಿಯಮ ಮಾಡಿದರು. ಪಾಳಿಯಲ್ಲಿ ನಿಂತ ಗಾಡಿಯ ಇಂಜಿನ್ ಆರಿಸಬೇಕು, ಆರಿಸದಿದ್ದರೆ ಆ ಗಾಡಿ ಪಾಳಿಯ ಕೊನೆಗೆ ಹೋಗಬೇಕು. ಒಳ್ಳೆಯ ನಿಯಮ. ಈಗಲೂ ಒಳ್ಳೆಯದೇ ಎನ್ನುತ್ತೇನೆ.

ತೊಡಕು ಎಲ್ಲಿತ್ತೆಂದರೆ, ಆ ಕಾಲದ ಅರ್ಧ ಟ್ರ್ಯಾಕ್ಟರುಗಳ ಬ್ಯಾಟರಿ ಸತ್ತಿರುತ್ತಿದ್ದವು. ಒಮ್ಮೆ ಆರಿಸಿದರೆ ನಾಲ್ಕು ಜನ ನೂಕಬೇಕು. ಅದಕ್ಕೇ ಯಾರೂ ಆರಿಸುತ್ತಿರಲಿಲ್ಲ. ಕಾಲುವೆ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಡ್ರೈವರು ಸುಬ್ಬಯ್ಯ, ಮನೆಯಲ್ಲಿ ತೆಲುಗು ಆಡುವವನು, ನಗುತ್ತಲೇ ಕೇಳಿದ್ದ, "ಏಮಯ್ಯ ಜಮಾದಾರು, ಆರ್ಸು ಅಂತೀಯ. ಆಮ್ಯಾಲ ಯಾರು ನೂಕ್ತಾರ, ನಿಮ್ಮ ಸಾಹೇಬ್ರು ಬರ್ತಾರೇನು?" ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನ ಮಾತನ್ನು ಕಚೇರಿಗೆ ಒಯ್ದು ಹೇಳಬೇಕಿತ್ತು. ಬೈಸಿಕೊಳ್ಳುವುದು ಯಾಕೆ ಎಂದು ಹೇಳಲಿಲ್ಲ.

ಡ್ರೈವರುಗಳು ತಮ್ಮದೇ ದಾರಿ ಹುಡುಕಿಕೊಂಡರು. ಊರ ಅಂಚಿಗೆ ಕಾಲುವೆಯ ಸೇತುವೆ ಇದೆ, ಅದರಿಂದ ರಸ್ತೆ ಇಳಕಲಾಗಿ ಊರ ಕಡೆ ಬರುತ್ತದೆ. ಅಲ್ಲಿ ಗಾಡಿಯ ಮುಖ ಕೆಳಕ್ಕೆ ಮಾಡಿ ನಿಲ್ಲಿಸುವುದು, ಇಂಜಿನ್ ಆರಿಸುವುದು, ಗಾಲಿಗೆ ಕಲ್ಲು ಕೊಡುವುದು. ಪಾಳಿ ಬಂದಾಗ ಕಲ್ಲು ತೆಗೆದರೆ ಗಾಡಿ ತಾನೇ ಉರುಳುತ್ತದೆ, ಗೇರು ಹಾಕಿದರೆ ಇಂಜಿನ್ ಹತ್ತಿಕೊಳ್ಳುತ್ತದೆ. ಬ್ಯಾಟರಿ ಬೇಡ, ನೂಕುವವರು ಬೇಡ. ವಾರದೊಳಗೆ ದವಾಖಾನೆಯ ಮುಂದೆ ಹೊಗೆ ಇಲ್ಲವಾಯಿತು. ಸಿಸ್ಟರು ಕಿಟಕಿ ತೆರೆದರು, ನನ್ನನ್ನು ಕರೆದು ಚಹಾ ಕುಡಿಸಿದರು. ಸಾಹೇಬರು ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದರು.

ನನಗೆ ಮಾತ್ರ ಆ ಇಳಕಲಿನದೇ ಅಂಜಿಕೆ. ಚೀಲ ಪೇರಿಸಿದ ಹತ್ತು ಹನ್ನೆರಡು ಟ್ರ್ಯಾಕ್ಟರು ಸಾಲಾಗಿ ಕೆಳಮುಖವಾಗಿ ನಿಂತಿರುತ್ತಿದ್ದವು, ಪ್ರತಿಯೊಂದಕ್ಕೂ ತಲೆಯಷ್ಟು ದಪ್ಪದ ಎರಡು ಕಲ್ಲು. ಕೆಳಗೆ, ಇಳಕಲು ಮುಗಿಯುವಲ್ಲಿ, ದೊಡ್ಡ ಬೇವಿನ ಗಿಡದ ನೆರಳಿನಲ್ಲಿ ಕೂಲಿ ಹೆಣ್ಣುಮಕ್ಕಳು ಬುತ್ತಿ ಗಂಟು ಇಟ್ಟುಕೊಂಡು ಕೆಲಸಕ್ಕೆ ಕರೆಯುವವರ ದಾರಿ ಕಾಯುತ್ತಾ ಕೂರುತ್ತಿದ್ದರು. ನಾನು ಸೈಕಲ್ಲಿನ ಮೇಲೆ ಆ ಸಾಲಿನ ಪಕ್ಕ ಹೋಗುವಾಗ ಕಲ್ಲುಗಳನ್ನು ಎಣಿಸುತ್ತಿದ್ದೆ. ಮನೆಯಲ್ಲಿ ಉಣ್ಣುವಾಗಲೂ ಒಂದೊಂದು ಗಾಲಿಗೂ ಕಲ್ಲು ಇತ್ತೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಆ ಹೆಣ್ಣುಮಕ್ಕಳನ್ನು ಬೇರೆ ಕಡೆ ಕೂರಿಸಬಹುದಿತ್ತು. ಆದರೆ ಊರಲ್ಲಿ ನೆರಳಿದ್ದ ಜಾಗವನ್ನೆಲ್ಲ ನಾನೇ ಗಾಡಿಗಳಿಗೆ ಹಂಚಿಕೊಟ್ಟಿದ್ದೆ.

ಆ ರಸ್ತೆ ಗುಡಿಸುವವಳು ದುರುಗಮ್ಮ. ದಿನಗೂಲಿಯ ಮೇಲೆ ಹನ್ನೊಂದು ವರ್ಷ ದುಡಿದವಳು, ಆಗ ನನ್ನ ಕೈಕೆಳಗಿದ್ದಳು. ಗಂಡ ಇಲ್ಲ, ಕಂಕುಳಲ್ಲಿ ಒಂದು ಹೆಣ್ಣು ಕೂಸು. ಆ ವರ್ಷ ದಿನಗೂಲಿಯವರನ್ನು ಖಾಯಂ ಮಾಡುವ ಪಟ್ಟಿ ತಯಾರಾಗಿತ್ತು, ಅವಳ ಹೆಸರು ಅದರಲ್ಲಿತ್ತು. ಹೆಸರು ಹೇಗೆ ಬರೆದಿದ್ದಾರೆ ಎಂದು ನೋಡಲು ದಿನ ಬಿಟ್ಟು ದಿನ ಕಚೇರಿಗೆ ಬಂದು ಗೋಡೆಯ ಮೇಲಿನ ಕಾಗದದ ಮುಂದೆ ನಿಲ್ಲುತ್ತಿದ್ದಳು. ಓದು ಬರುತ್ತಿರಲಿಲ್ಲ. "ಅಣ್ಣಾರ, ಯಾವ ಸಾಲು ನಂದು?" ಎಂದು ಕೇಳುವಳು, ನಾನು ಬೆರಳಿಟ್ಟು ತೋರಿಸುತ್ತಿದ್ದೆ, ಅವಳು ಆ ಸಾಲನ್ನು ಮುಟ್ಟಿ ಹೋಗುವಳು.

ಕಲ್ಲಿನದೇ ಇನ್ನೊಂದು ತಕರಾರು ಎದ್ದಿತ್ತು. ಡ್ರೈವರುಗಳು ಗಾಡಿ ಉರುಳಿಸಿಕೊಂಡು ಹೋಗುವರು, ಕಲ್ಲು ರಸ್ತೆಯ ಮೇಲೆಯೇ ಬಿದ್ದಿರುವುದು. ಸೈಕಲ್ಲಿನವರು ಮುಗ್ಗರಿಸಿ ಬಿದ್ದರು, ಬಸ್ಸಿನವರು ಬೈದರು. ಸಾಹೇಬರು ನನ್ನನ್ನು ನಿಲ್ಲಿಸಿ ಹೇಳಿದರು, "ರಸ್ತೆ ಮ್ಯಾಲ ಒಂದು ಕಲ್ಲು ಕಾಣಬಾರದು ನೋಡ್ ಅಂಬಣ್ಣ. ಕಂಡ್ರ ಅದನ್ನ ನಿನ್ನ ತಲಿ ಮ್ಯಾಲೆ ಹೊರಸ್ತೀನಿ." ಬಾಯಿಮಾತಿನ ಹುಕುಂ, ಕಾಗದ ಇಲ್ಲ. ಅಂದಿನಿಂದ ದುರುಗಮ್ಮ ದಿನಾ ಬೆಳಿಗ್ಗೆ ಕೈಗಾಡಿ ತಂದು, ಬಿಟ್ಟುಹೋದ ಕಲ್ಲುಗಳನ್ನು ಆರಿಸಿ ಒಯ್ಯುತ್ತಿದ್ದಳು. ಡ್ರೈವರುಗಳು ಮತ್ತೆ ಕಾಲುವೆ ದಂಡೆಯಿಂದ ಕಲ್ಲು ತರುತ್ತಿದ್ದರು.

ಒಂದು ಸೋಮವಾರ. ಮೇಲಿನ ಅಧಿಕಾರಿಯೊಬ್ಬರು ಊರು ನೋಡಲು ಬರುವವರಿದ್ದರು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾನು, ದುರುಗಮ್ಮ ಇಬ್ಬರೂ ಇಳಕಲಿನ ಮೇಲಿದ್ದೆವು. ಬೇರೆ ಗಾಡಿಗಳೆಲ್ಲ ಹೋಗಿದ್ದವು. ಒಂದು ನಾಲ್ಕು ಗಾಲಿಯ ಟ್ರೇಲರು ಮಾತ್ರ ಭತ್ತದ ಚೀಲ ಹೊತ್ತು ನಿಂತಿತ್ತು. ಅದನ್ನು ಎಳೆಯುವ ಟ್ರ್ಯಾಕ್ಟರು ಪಂಕ್ಚರ್ ತಿದ್ದಿಸಲು ಹೋಗಿತ್ತು. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲ. ಅದನ್ನು ಹಿಡಿದದ್ದು ಮುಂದಿನ ಎರಡು ಗಾಲಿಗಳಿಗೆ ಕೊಟ್ಟ ಎರಡು ಕಲ್ಲು, ಒಂದು ರಸ್ತೆಯ ಕಡೆಗೆ, ಇನ್ನೊಂದು ಚರಂಡಿಯ ಕಡೆಗೆ. ಅಷ್ಟರಲ್ಲಿ ಸೇತುವೆಯ ಆಚೆ ಜೀಪುಗಳ ಧೂಳು ಕಂಡಿತು.

ರಸ್ತೆಯ ಕಡೆಯ ಕಲ್ಲು ಎದ್ದು ಕಾಣುತ್ತಿತ್ತು. ದುರುಗಮ್ಮನಿಗೆ ಹೇಳಿದೆ, "ರಸ್ತಿ ಕಡೀದು ತೆಗಿ. ಚರಂಡಿ ಕಡೀದು ಇರ್ಲಿ, ಸಾಹೇಬ್ರಿಗೆ ಕಾಣಂಗಿಲ್ಲ."

ಅವಳು ನಿಂತಳು. "ಅಣ್ಣಾರ, ಮುಂದ ಇಂಜಿನ್ ಇಲ್ರಿ ಇದಕ್ಕ."

"ಒಂದು ಕಲ್ಲು ತಡೀತದ, ತೆಗಿ."

"ಇದು ಭಾಳ ಭಾರ ಐತ್ರಿ. ಕೆಳಗ ಹೆಣ್ಮಕ್ಕಳು ಕುಂತಾರ."

"ಖಾಯಂ ಆಗೋದು ಬ್ಯಾಡೇನು ನಿನಗ? ತೆಗಿಯಂದ್ರ ತೆಗಿ."

ಈ ಮಾತನ್ನು ನಾನು ಆಡಿದೆ. ಅವಳು ಹಾರೆಯಿಂದ ಮೀಟಿ ಕಲ್ಲು ತೆಗೆದು ಎತ್ತಿಕೊಂಡಳು. ಟ್ರೇಲರು ಅಲುಗಲಿಲ್ಲ. ಜೀಪುಗಳು ನಮ್ಮನ್ನು ದಾಟಿ ಊರೊಳಗೆ ಹೋದವು. ಸಾಹೇಬರು ನನ್ನ ಕಡೆ ನೋಡಿ ತಲೆಯಾಡಿಸಿದಂತೆಯೂ ಆಯಿತು. ಕಲ್ಲನ್ನು ಮತ್ತೆ ಇಡು ಎಂದು ಹೇಳಲು ನಾನು ತಿರುಗುವಷ್ಟರಲ್ಲಿ ಚರಂಡಿ ಕಡೆಯ ಕಲ್ಲು ಕಿರ್ರೆಂದು ಜಾರಿತು.

ಗಾಲಿ ತಿರುಗಿತು. ನಿಧಾನವಾಗಿ, ಎತ್ತಿನ ಗಾಡಿ ಹೊರಟಷ್ಟೇ ನಿಧಾನವಾಗಿ. ಕೆಳಗೆ ಹೆಣ್ಣುಮಕ್ಕಳು ಈ ಕಡೆಗೆ ಬೆನ್ನು ಮಾಡಿ ಕುಳಿತು ಮಾತಾಡುತ್ತಿದ್ದರು. ನಾನು ಕೂಗಬೇಕಿತ್ತು, ಕೂಗಲಿಲ್ಲ. ಓಡಲೂ ಇಲ್ಲ. ದುರುಗಮ್ಮ ಓಡಿದಳು. ಕೈಯಲ್ಲಿದ್ದ ಕಲ್ಲನ್ನು ಚರಂಡಿ ಕಡೆಯ ಗಾಲಿಯ ಮುಂದೆ ಎಸೆದಳು, ಅದು ಹೊರಳಿಕೊಂಡಿತು, ಅವಳು ಅದನ್ನು ಕಾಲಿನಿಂದ ಒಳಕ್ಕೆ ಒತ್ತಿದಳು. ಗಾಲಿ ಕಲ್ಲನ್ನೂ ಕಾಲನ್ನೂ ಹತ್ತಿತು. ಟ್ರೇಲರು ಆ ಕಡೆಗೆ ಹೊರಳಿ ಚರಂಡಿಗೆ ಇಳಿದು, ಚೀಲ ಚೆಲ್ಲಿ ನಿಂತಿತು. ಬೇವಿನ ಗಿಡದ ಕೆಳಗಿದ್ದವರಿಗೆ ಏನೂ ಆಗಲಿಲ್ಲ. ಅವರೇ ಓಡಿ ಬಂದು ದುರುಗಮ್ಮನನ್ನು ಎತ್ತಿದರು. ನಾನು ಆಗಲೂ ನಿಂತಲ್ಲೇ ಇದ್ದೆ.

ಬಲಗಾಲಿನ ಪಾದ ಉಳಿಯಲಿಲ್ಲ.

ಮರುದಿನ ಸಾಹೇಬರು ಬಾಗಿಲು ಹಾಕಿಕೊಂಡು ನನ್ನನ್ನು ಕೂರಿಸಿದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವರೂ ಹೆದರಿದ್ದರು.

"ವಿಚಾರಣಿ ಆಗ್ತದ. ಹುಕುಂ ಅನ್ನೋ ಶಬ್ದ ಎಲ್ಲೂ ಬರಬಾರದು. ಆಕಿ ತಾನಾಗೇ ತೆಗದಾಳ ಅಂತ ಜವಾಬು ಬರಕೊಂಡು ಹೆಬ್ಬೆಟ್ಟು ತಗೊಂಡು ಬಾ. ಇಲ್ಲಂದ್ರ ಮದಲು ನಿನ್ನ ನೌಕರಿ ಹೋಗ್ತದ, ಆಮ್ಯಾಲ ಕೇಸು. ನಿನಗೂ ಮಕ್ಕಳು ಅದಾವ, ವಿಚಾರ ಮಾಡು."

ನಾನು ವಿಚಾರ ಮಾಡಲಿಲ್ಲ. ಹೆದರಿಕೆಯಲ್ಲಿ ಮನುಷ್ಯ ವಿಚಾರ ಮಾಡುವುದಿಲ್ಲ, ಕೈ ತಾನೇ ಬರೆಯುತ್ತದೆ. ದವಾಖಾನೆಯ ಹೊರಗೆ ಕಟ್ಟೆಯ ಮೇಲೆ ಕೂತು ಬರೆದೆ. ಒಳಗೆ ಹೋದೆ. ದುರುಗಮ್ಮನ ಪಕ್ಕದಲ್ಲಿ ಕೂಸು ಮಲಗಿತ್ತು. ಅವಳು ಏಳಲು ನೋಡಿದಳು, ಬೇಡ ಎಂದೆ.

"ಏನ್ ಬರದೀರಿ ಅಣ್ಣಾರ, ಓದ್ರಿ."

ಕಾಗದವನ್ನು ಕಣ್ಣ ಮುಂದೆ ಹಿಡಿದು ಓದಿದೆ. ಕಾಗದದಲ್ಲಿ ಇದ್ದದ್ದನ್ನಲ್ಲ, ನಡೆದದ್ದನ್ನು ಓದಿದೆ. ಜಮಾದಾರ ಅಂಬಣ್ಣ ತೆಗಿ ಅಂದರು, ನಾನು ಬೇಡ ಅಂದೆ, ಮತ್ತೆ ತೆಗಿ ಅಂದರು, ತೆಗೆದೆ. ಒಂದೂ ಮಾತು ಬಿಡದೆ ಓದಿದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸುತ್ತಿತ್ತು. ಅವಳು ಕೇಳಿಸಿಕೊಂಡು ಕೂಸಿನ ಹೊದಿಕೆ ಸರಿಮಾಡಿದಳು.

"ಹಿಂಗ ಬರದ್ರ ನಿಮಗ ತ್ರಾಸ ಆಗಂಗಿಲ್ಲೇನ್ರಿ?"

"ಇಲ್ಲವ್ವ" ಅಂದೆ. ಶಾಯಿ ಹಚ್ಚಿ ಅವಳ ಬೆರಳು ಹಿಡಿದು ನಾನೇ ಒತ್ತಿಸಿದೆ.

ತನ್ನದೇ ತಪ್ಪು ಎಂದು ಹೆಬ್ಬೆಟ್ಟು ಒತ್ತಿದವಳ ಹೆಸರು ಪಟ್ಟಿಯಿಂದ ಹೋಯಿತು. ಕೆಲಸವೂ ಹೋಯಿತು. ಇಳಕಲಿನ ಮೇಲೆ ಗಾಡಿ ನಿಲ್ಲಿಸಬಾರದು ಎಂದು ಬೋರ್ಡು ಬಂತು, ಊರಾಚೆ ಸಮತಟ್ಟಾದ ಬಯಲಿನಲ್ಲಿ ಟ್ರ್ಯಾಕ್ಟರುಗಳಿಗೆ ಜಾಗವಾಯಿತು, ಸುತ್ತಲೂ ಗಿಡ ಹಚ್ಚಿದೆವು. ಅಲ್ಲಿಯ ಹಮಾಲರೇ ಗಾಡಿ ನೂಕಿ ಕೊಡುವುದೆಂದು ಠರಾವಾಯಿತು. ಮೊದಲೇ ಮಾಡಬಹುದಿದ್ದ ಕೆಲಸ. ಸುಬ್ಬಯ್ಯ ಕೇಳಿದ್ದು ಅದನ್ನೇ. ಒಂದು ಕಡೆ ಗಾಡಿ ನಿಲ್ಲಬೇಡ ಎಂದರೆ ಅದು ಇನ್ನೊಂದು ಕಡೆ ಹೋಗಿ ನಿಲ್ಲುತ್ತದೆ. ಆ ಇನ್ನೊಂದು ಕಡೆ ಯಾರು ಕೂತಿದ್ದಾರೆ ಎಂದು ಹೋಗಿ ನೋಡಿ. ಕೆಲಸದ ಬಗ್ಗೆ ನಾನು ಹೇಳುವುದು ಇಷ್ಟೆ.

ಕೆಲವು ವರ್ಷ ಕಳೆದು ಮಸ್ಕಿಯ ಸಂತೆಯಲ್ಲಿ ದುರುಗಮ್ಮ ಸಿಕ್ಕಳು. ತವರಿಗೆ ಬಂದುಬಿಟ್ಟಿದ್ದಳಂತೆ. ನೆಲದ ಮೇಲೆ ಚೀಲ ಹಾಸಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ಮಾರುತ್ತಿದ್ದಳು, ಪಕ್ಕದಲ್ಲಿ ಕೋಲು. ನಾನು ತಪ್ಪಿಸಿಕೊಂಡು ಹೋಗಬೇಕೆನ್ನುವಷ್ಟರಲ್ಲಿ ಅವಳೇ ಕರೆದಳು. ಜೊತೆಗೆ ಸಾಲೆಯ ಬಟ್ಟೆಯಲ್ಲಿದ್ದ ಮಗಳು.

"ನೋಡವ್ವ, ನಾ ದಿನಾ ಹೇಳ್ತೀನಲ್ಲ, ನನ್ನ ಕಡಿ ಖರೇ ಬರದ ಅಣ್ಣಾರು ಅಂತ. ಇವ್ರ ಅವ್ರು. ತಮ್ಮ ಹೆಸರ ತಾವ ಬರಕೊಂಡಿದ್ರು. ಮ್ಯಾಲಿನವ್ರು ಕೇಳ್ಲಿಲ್ಲ, ಇವ್ರೇನ್ ಮಾಡ್ತಾರ."

ಮಗಳು ನನ್ನ ಕಾಲು ಮುಟ್ಟಿದಳು. ಎದ್ದು ನಿಂತು ಕೇಳಿದಳು, "ಮಾಮಾ, ಆ ಕಾಗದದ ನಕಲು ಆಫೀಸಿನ್ಯಾಗ ಕೇಳಿದ್ರ ಕೊಡ್ತಾರೇನ್ರಿ? ಅವ್ವಗ ಒಮ್ಮಿ ಓದಿ ಹೇಳಬೇಕಂತ ಮಾಡೀನಿ."

ಗೊತ್ತಿಲ್ಲ ಎಂದು ಹೇಳಿ, ಎಲ್ಲಿಗೆ ಹೋಗುವ ಬಸ್ಸು ಎಂದೂ ನೋಡದೆ ಹತ್ತಿಬಿಟ್ಟೆ. ಆಮೇಲೆ ನಿವೃತ್ತಿಯ ದಿನದವರೆಗೂ ಕಚೇರಿಯ ಬಾಗಿಲಲ್ಲಿ ಯಾವ ಹುಡುಗಿ ನಿಂತರೂ ದುರುಗಮ್ಮನ ಮಗಳೇ ಬಂದಳು ಎಂದು ಹಿಂದಿನ ಕೋಣೆಗೆ ಸರಿಯುತ್ತಿದ್ದೆ. ಅವಳು ಬರಲಿಲ್ಲ. ಈಗಲೂ ಹೊರಗೆ ಯಾರಾದರೂ ಬಾಗಿಲು ಬಡಿದರೆ ಮೊದಲು ಅವಳ ಮುಖವೇ ಕಣ್ಣ ಮುಂದೆ ಬರುತ್ತದೆ.

ತಂಗಿ, ನಿನಗೆ ಆ ನಕಲು ಸಿಕ್ಕರೆ ಅದರಲ್ಲಿ ಹೀಗೆ ಇರುತ್ತದೆ: "ಸದರಿ ಕಲ್ಲನ್ನು ಯಾರ ಆದೇಶವೂ ಇಲ್ಲದೆ ನಾನೇ ಸ್ವಂತ ಇಚ್ಛೆಯಿಂದ ತೆಗೆದಿರುತ್ತೇನೆ." ಕೆಳಗೆ ಇರುವುದು ನಿನ್ನ ಅವ್ವನ ಹೆಬ್ಬೆಟ್ಟು. ಮೇಲಿನ ಅಕ್ಷರವೆಲ್ಲ ನನ್ನದು. ಅವ್ವನಿಗೆ ಓದಿ ಹೇಳುವುದಿದ್ದರೆ ಅದನ್ನು ಬಿಟ್ಟು ಇದನ್ನು ಓದಿ ಹೇಳು.